ವಿರಳ ಲೋಹಗಳೂ ಯುದ್ಧಸಾಧನಗಳೂ
(ದಾಬಸ್‌ಪೇಟೆಯ ಸಭೆಯಲ್ಲಿ ನಡೆದ ಉಪನ್ಯಾಸ)



ದಾಬಸ್‌ಪೇಟೆಯ ಸುತ್ತಣ ಹಳ್ಳಿಗಳ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯನ್ನೋ ಅಜ್ಜಿಯ ಸಂಚಿಯನ್ನೋ ತಡಕಿದರೆ, ನಡುವೆ ದೊಡ್ಡದೊಂದು ತೂತುಳ್ಳ ಕಂಚಿನ ಕಾಸು ಈಗಲೂ ಸಿಕ್ಕಬಹುದು. ಮಕ್ಕಳ ಉಡಿದಾರಕ್ಕೆ ಪೋಣಿಸಲು ಅನುಕೂಲವಾಗಲೆಂದೇ ಅದನ್ನು ಹಾಗೆ ಮಾಡಿದರೆಂದು ಎಣಿಸುವವರೂ ಇರಬಹುದು. ಕಾರಣವು ಅದಲ್ಲ. ಆ ಕಾಸು 1943ರಿಂದ 1947ರವರೆಗೆ ಅಚ್ಚಾದುದು. ಅದಕ್ಕೆ ಮುಂಚಿನ ಕಾಲಾಣೆಯ ಬಿಲ್ಲೆಯು ಸುಮಾರು ಐದು ಗ್ರಾಂ ತೂಗುತ್ತಿದ್ದರೆ, ಅದೇ ಬೆಲೆಯ ಈ ತೂತುಕಾಸು ಸುಮಾರು ಎರಡು ಗ್ರಾಂ ಮಾತ್ರ ತೂಗುವುದು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ಆ ಕಾಲದಲ್ಲಿ ತಾಮ್ರವು ದುರ್ಲಭವಾಗಿತ್ತು. ಬಂದೂಕಿನ ತೋಟಾಗಳ ಕೋಶವನ್ನು ಮಾಡುವ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರವೂ ಮೂವತ್ತು ಪಾಲು ಸತುವೂ ಇರುತ್ತವೆ. ಎಲ್ಲೋ ದೂರದ ರಣರಂಗದಲ್ಲಿ ತೋಟಾಗಳು ಸಿಡಿಯುತ್ತಿರಲು, ಸಂತೆಯಲ್ಲಿ ಸೊಪ್ಪು ಮಾರುವವಳ ಕೈಯ ಕಾಸಿಗೆ ತೂತು ಬಿದ್ದಿತು. ಬೆಳ್ಳಿಯ ರೂಪಾಯಿಯ ಗತಿಯೂ ಅಷ್ಟೇ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಾಗಿದ್ದ ರೂಪಾಯಿಯು 1940ರಲ್ಲಿ ಅರ್ಧ ಬೆಳ್ಳಿಗೆ ಇಳಿದು, 1947ರಲ್ಲಿ ಬೆಳ್ಳಿಯನ್ನೇ ತೊರೆದು ನಿಕ್ಕಲ್ಲಿನದಾಯಿತು.

ಯುದ್ಧವೆಂಬುದು ಸೈನಿಕರ ಕಾಳಗವಷ್ಟೇ ಅಲ್ಲ, ಲೋಹಗಳ ಕಾಳಗವೂ ಹೌದೆಂಬುದಕ್ಕೆ ಆ ಕಾಸೇ ಸಾಕ್ಷಿ. ಆದರೆ ತಾಮ್ರವು ಬಹಳವಾಗಿ ಬೇಕಾಗುವ ಲೋಹ. ಇಲ್ಲಿ ಮುಖ್ಯವಾಗಿ ವಿಚಾರಿಸಬೇಕಾದುವು ಕೊಂಚವೇ ಬೇಕಾದರೂ ಇಲ್ಲದಿದ್ದರೆ ಸರ್ವವನ್ನೂ ನಿಲ್ಲಿಸಿಬಿಡುವ ವಿರಳ ಲೋಹಗಳು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಂಡಿ ತುಂಬ ಧಾನ್ಯವಿದ್ದರೂ ಉಪ್ಪಿಲ್ಲದೆ ಅಡಿಗೆಯು ಸಾಗದು. ಉಕ್ಕಿನ ವಿಷಯದಲ್ಲಿಯೂ ಇದೇ ನ್ಯಾಯ. ಕಬ್ಬಿಣದಲ್ಲಿ ಉಳಿದಿರುವ ಗಂಧಕವು ಉಕ್ಕನ್ನು ಕಾಯಿಸಿ ಬಡಿಯುವಾಗ ಅದು ಬಿರಿಯುವಂತೆ ಮಾಡುವುದು. ಆ ದೋಷವನ್ನು ಪರಿಹರಿಸುವುದು ಮ್ಯಾಂಗನೀಸ್. ಒಂದು ಟನ್ ಉಕ್ಕಿಗೆ ಕೆಲವೇ ಕಿಲೋಗ್ರಾಂ ಮ್ಯಾಂಗನೀಸ್ ಸಾಕು. ಆದರೆ ಆ ಕೆಲವು ಕಿಲೋಗ್ರಾಂ ಇಲ್ಲದಿದ್ದರೆ ಟನ್ನಿನ ಉಕ್ಕೂ ನೆಚ್ಚಿಕೆಗೆ ಬಾರದು. ಟ್ಯಾಂಕುಗಳ ಕವಚಕ್ಕೆ ಗಡಸುತನವನ್ನೂ ಬಾಗಿದರೂ ಮುರಿಯದ ಗುಣವನ್ನೂ ಕೊಡುವುವು ಕ್ರೋಮಿಯಂ, ನಿಕ್ಕಲ್ ಮತ್ತು ಮಾಲಿಬ್ಡಿನಂ. ಇನ್ನು ಟಂಗ್‌ಸ್ಟನ್ ಎಂಬುದು ಕಬ್ಬಿಣದ ಎರಡೂವರೆ ಮಡಿಗೆ ಸಮೀಪವಾದ ಭಾರವುಳ್ಳ ಲೋಹ. ನೂರಕ್ಕೆ ಹದಿನೆಂಟು ಪಾಲು ಟಂಗ್‌ಸ್ಟನ್, ನಾಲ್ಕು ಪಾಲು ಕ್ರೋಮಿಯಂ, ಒಂದು ಪಾಲು ವೆನೇಡಿಯಂ ಸೇರಿದ ಉಕ್ಕಿನಿಂದ ಮಾಡಿದ ಲೇತಿನ ಉಳಿಯು ಕೆಂಪಗೆ ಕಾದರೂ ತನ್ನ ಮೊನೆಯನ್ನು ಕಳೆದುಕೊಳ್ಳದು. ಸಾಧಾರಣ ಉಕ್ಕಿನ ಉಳಿಯು ಕಾದೊಡನೆ ಮೆತ್ತಗಾಗುವುದು. ಆದಕಾರಣ ಟಂಗ್‌ಸ್ಟನ್ ಇಲ್ಲದ ದೇಶದಲ್ಲಿ ಫಿರಂಗಿಯ ಕೊಳವೆಯನ್ನು ಕೊರೆಯುವ ಯಂತ್ರವು ನಿಧಾನವಾಗುವುದು. ಯಂತ್ರವು ನಿಧಾನವಾದರೆ ಫಿರಂಗಿಗಳ ಸಂಖ್ಯೆಯೇ ಕುಗ್ಗುವುದು.

ಇಂತಹ ಲೋಹಗಳು ಯಾರ ಬಳಿ ಇವೆಯೋ ಅವರೇ ಬಲಿಷ್ಠರೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಚರಿತ್ರೆಯು ಹೇಳುವುದು ಅದನ್ನಲ್ಲ. ನೆಲದಲ್ಲಿ ಅದಿರು ಇರುವುದು ಬೇರೆ, ಕೈಯಲ್ಲಿ ಲೋಹವಿರುವುದು ಬೇರೆ. ಈ ಎರಡರ ನಡುವೆ ಇರುವುದು ವಿದ್ಯೆ. ಆ ವಿದ್ಯೆಯನ್ನು ಬಿಟ್ಟವರು ತಮ್ಮ ನೆಲದ ಸಂಪತ್ತಿಗೆ ಕಾವಲುಗಾರರು ಮಾತ್ರವೇ ಆಗುವರು. ಈ ಮಾತನ್ನು ಸಮರ್ಥಿಸಲು ದೂರ ಹೋಗಬೇಕಾಗಿಲ್ಲ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದನು. ದಾಬಸ್‌ಪೇಟೆಯ ನೆರೆಸೀಮೆಗಳೇ ಆದ ಮಾಗಡಿಯ ಕಡೆಯಲ್ಲಿಯೂ ಚನ್ನರಾಯನದುರ್ಗದಲ್ಲಿಯೂ ಕುಲುಮೆಗಳು ನಡೆಯುತ್ತಿದ್ದುದನ್ನು ಅವನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನರಾಯನದುರ್ಗದ ಕೆಲಸಗಾರರು ಮಣ್ಣಿನ ಚಿಕ್ಕ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ತಂಗಡಿಯ ಕಡ್ಡಿಗಳನ್ನೂ ಬಳ್ಳಿಯೊಂದರ ಹಸುರೆಲೆಗಳನ್ನೂ ಸೇರಿಸಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲಿನ ಬೆಂಕಿಯಲ್ಲಿ ಕಾಯಿಸಿ ಉಕ್ಕನ್ನು ಪಡೆಯುತ್ತಿದ್ದರು. ಕಡ್ಡಿಯು ಸುಟ್ಟು ಕರಿಯಾಗಿ, ಅದರ ಅಂಶವು ಕಬ್ಬಿಣವನ್ನು ಸೇರಿ ಅದನ್ನು ಉಕ್ಕಾಗಿಸುವುದೆಂಬುದು ಇಂದಿನ ರಸಾಯನಶಾಸ್ತ್ರದ ವಿವರಣೆ. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿಗಳೂ ಕತ್ತಿಯ ಅಲಗುಗಳೂ ವಾದ್ಯಗಳ ತಂತಿಗಳೂ ಆಗುತ್ತಿದ್ದುವು. ಕನ್ನಡದ ಉಕ್ಕು ಎಂಬ ಶಬ್ದವೇ ಯುರೋಪಿಯನರ ಬಾಯಲ್ಲಿ ವೂಟ್ಸ್ ಎಂದಾಯಿತೆಂದು ಅನೇಕ ವಿದ್ವಾಂಸರ ಮತ.

ಮುಂದಿನದು ಗಮನಿಸತಕ್ಕ ಸಂಗತಿ. ಮೈಕೇಲ್ ಫ್ಯಾರಡೆಯೆಂಬ ಪ್ರಸಿದ್ಧ ವಿಜ್ಞಾನಿಯು ಸ್ಟೊಡಾರ್ಟ್ ಎಂಬ ಕತ್ತಿಕೆಲಸಗಾರನೊಡನೆ ಕೂಡಿ, ಭಾರತದ ಉಕ್ಕಿನ ಗುಟ್ಟನ್ನು ಅರಿಯಬೇಕೆಂದು 1819ರ ಸುಮಾರಿನಲ್ಲಿ ಪ್ರಯೋಗಗಳನ್ನು ಮಾಡತೊಡಗಿದನು. ಉಕ್ಕಿಗೆ ನಿಕ್ಕಲ್, ಬೆಳ್ಳಿ, ಪ್ಲಾಟಿನಂ ಮೊದಲಾದುವನ್ನು ಬೆರೆಸಿ ಪರೀಕ್ಷಿಸಿದನು. ಮಿಶ್ರ ಉಕ್ಕುಗಳ ಶಾಸ್ತ್ರೀಯ ಅಧ್ಯಯನಕ್ಕೆ ಅದು ಮೊದಲ ಹೆಜ್ಜೆಗಳಲ್ಲೊಂದು. ಈ ನಾಡಿನ ಉಕ್ಕನ್ನು ಕಂಡು ಹೊರದೇಶದವರು ಹೊಸ ಶಾಸ್ತ್ರಕ್ಕೆ ತೊಡಗಿದರು. ಈ ನಾಡಿನಲ್ಲಿಯಾದರೋ ಕಾರ್ಖಾನೆಗಳಿಂದ ಬಂದ ಅಗ್ಗದ ಉಕ್ಕಿನ ಮುಂದೆ ಮೂಸೆಗಳು ಆರಿ ತಣ್ಣಗಾದುವು. ಗುಟ್ಟು ತಂದೆಯಿಂದ ಮಗನಿಗೆ ಬಾಯಿಮಾತಾಗಿ ಬಂದುದಾದ್ದರಿಂದ ಕೈ ನಿಂತೊಡನೆ ವಿದ್ಯೆಯೂ ನಿಂತಿತು.

ಅದಿರಿಗೂ ವಿದ್ಯೆಗೂ ಇರುವ ಈ ಅಂತರವು ಆಳುವ ದೊರೆಗಳನ್ನೂ ಬಿಡಲಿಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಬರ್ಮಾದೇಶದ ಟಂಗ್‌ಸ್ಟನ್ ಅದಿರು ಇಂಗ್ಲೆಂಡಿನ ಅಧೀನದಲ್ಲಿಯೇ ಇದ್ದಿತು. ಆದರೆ ಅದರ ಬಹುಭಾಗವು ಜರ್ಮನಿಗೆ ಹೋಗಿ ಅಲ್ಲಿ ಪುಡಿಯಾಗಿ, ಇಂಗ್ಲೆಂಡಿನ ಉಕ್ಕಿನವರು ಆ ಪುಡಿಯನ್ನು ಜರ್ಮನರಿಂದಲೇ ಕೊಳ್ಳುತ್ತಿದ್ದರು. 1914ರಲ್ಲಿ ಯುದ್ಧವು ಹೊತ್ತಿದಾಗ, ಗಣಿಯು ತಮ್ಮದಾಗಿದ್ದರೂ ಲೋಹವು ಶತ್ರುವಿನ ಕುಲುಮೆಯಲ್ಲಿದೆಯೆಂಬುದು ಅವರಿಗೆ ಅರಿವಾಯಿತು. ಅವರು ಅವಸರದಿಂದ ಸ್ವಂತ ಕಾರ್ಖಾನೆಗಳನ್ನು ಕಟ್ಟಿಕೊಂಡರು. ಜರ್ಮನಿಗಾದರೋ ವಿದ್ಯೆಯಿತ್ತು, ಅದಿರಿರಲಿಲ್ಲ. ಸಮುದ್ರವನ್ನು ಇಂಗ್ಲೆಂಡಿನ ಹಡಗುಗಳು ಕಟ್ಟಿದ್ದುದರಿಂದ, ಅವರು ಡಾಯ್ಚ್‌ಲಾಂಡ್ ಎಂಬ ಸರಕಿನ ಜಲಾಂತರ್ಗಾಮಿಯನ್ನೇ ನಿರ್ಮಿಸಿ 1916ರಲ್ಲಿ ಅಮೆರಿಕದ ಬಾಲ್ಟಿಮೋರಿಗೆ ಕಳುಹಿಸಿದರು. ಅದು ಮುನ್ನೂರು ಟನ್ನಿಗೂ ಮೇಲ್ಪಟ್ಟು ನಿಕ್ಕಲ್ಲನ್ನೂ, ತವರವನ್ನೂ ರಬ್ಬರನ್ನೂ ಹೊತ್ತುಕೊಂಡು ನೀರಿನಡಿಯಲ್ಲಿ ನುಸುಳಿ ಹಿಂತಿರುಗಿತು. ಒಂದು ಹಡಗಿನ ಲೋಹಕ್ಕಾಗಿ ಅಷ್ಟು ಸಾಹಸವನ್ನು ಮಾಡಬೇಕಾಯಿತೆಂದರೆ ಅದರ ಕೊರತೆ ಎಷ್ಟೆಂಬುದನ್ನು ಊಹಿಸಬಹುದು.

ಎರಡನೆಯ ಮಹಾಯುದ್ಧದಲ್ಲಿ ಈ ಪಾಡು ಇನ್ನೂ ವಿಷಮವಾಯಿತು. ಜರ್ಮನಿಗೆ ಟಂಗ್‌ಸ್ಟನ್ ಬರುತ್ತಿದ್ದುದು ಮುಖ್ಯವಾಗಿ ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳಿಂದ, ಕ್ರೋಮಿಯಂ ತುರ್ಕಿಯಿಂದ, ನಿಕ್ಕಲ್ ಫಿನ್ಲೆಂಡಿನ ಪೆಟ್ಸಾಮೋದಿಂದ, ಮಾಲಿಬ್ಡಿನಂ ನಾರ್ವೆಯ ಕ್ನಾಬೆನ್ ಗಣಿಯಿಂದ. ಮಿತ್ರರಾಷ್ಟ್ರಗಳು ಇವನ್ನು ಒಂದೊಂದಾಗಿ ಕತ್ತರಿಸಲು ತೊಡಗಿದುವು. ಪೋರ್ಚುಗಲ್ಲಿನಲ್ಲಿ ತಮಗೆ ಬೇಡವಾದ ಟಂಗ್‌ಸ್ಟನ್ನನ್ನೂ ಶತ್ರುವಿಗೆ ಸಿಕ್ಕದಿರಲೆಂದು ಹೆಚ್ಚಿನ ಬೆಲೆಗೆ ಕೊಂಡುವು. 1943ರ ಮಾರ್ಚಿಯಲ್ಲಿ ಕ್ನಾಬೆನ್ನಿನ ಮೇಲೆ ವಿಮಾನಗಳಿಂದ ಬಾಂಬು ಹಾಕಿದುವು. 1944ರ ಏಪ್ರಿಲ್ಲಿನಲ್ಲಿ ತುರ್ಕಿಯು ಕ್ರೋಮಿಯಂ ಅದಿರನ್ನು ನಿಲ್ಲಿಸಿತು, ಜೂನಿನಲ್ಲಿ ಪೋರ್ಚುಗಲ್ ಟಂಗ್‌ಸ್ಟನ್ನನ್ನು ನಿಲ್ಲಿಸಿತು, ಅಕ್ಟೋಬರಿನಲ್ಲಿ ಪೆಟ್ಸಾಮೋ ರಷ್ಯರ ವಶವಾಯಿತು.

ಇದರ ಪರಿಣಾಮವು ಆಯುಧಗಳ ಮೇಲೆ ಹೇಗಾಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ದಪ್ಪನಾದ ಕವಚವನ್ನು ಭೇದಿಸಲು ಜರ್ಮನರು ಟಂಗ್‌ಸ್ಟನ್ನಿನ ತಿರುಳುಳ್ಳ ಗುಂಡುಗಳನ್ನು ಮಾಡಿದ್ದರು. ಗುಂಡನ್ನು ಒಮ್ಮೆ ಹಾರಿಸಿದರೆ ಲೋಹವು ಹೋದಂತೆಯೇ. ಉಳಿಯಾದರೋ ದಿನಗಟ್ಟಲೆ ದುಡಿಯುವುದು, ಸವೆದರೂ ಅದರ ಲೋಹವು ಮರಳಿ ಕುಲುಮೆಗೆ ಬರುವುದು. ಆದುದರಿಂದ ಅವರು ಅಂತಹ ಗುಂಡುಗಳನ್ನು ಕಡಿಮೆ ಮಾಡಿ, ಇದ್ದ ಲೋಹವನ್ನು ಕಾರ್ಖಾನೆಯ ಉಳಿಗಳಿಗೆ ಮೀಸಲಿಡಬೇಕಾಯಿತು. ಬಾಯಿಯ ಕಡೆಗೆ ಕಿರಿದಾಗುವ ಕೊಳವೆಯ ಅವರ ಹೊಸ ಬಗೆಯ ಫಿರಂಗಿಗಳು ಗುಂಡಿಲ್ಲದೆ ಮೂಲೆಗೆ ಬಿದ್ದುವು. ಎರಡನೆಯದು ಜೆಟ್ ವಿಮಾನದ ಯಂತ್ರ. ಅದರೊಳಗಣ ಜ್ವಾಲೆಯನ್ನು ತಾಳಲು ನಿಕ್ಕಲ್, ಕ್ರೋಮಿಯಂ, ಕೋಬಾಲ್ಟ್‌ಗಳು ತಕ್ಕಷ್ಟು ಬೆರೆತ ಲೋಹವು ಅವಶ್ಯಕ. ಜರ್ಮನಿಯ ಯುಮೋ 004 ಯಂತ್ರವನ್ನು ಸೈನ್ಯಕ್ಕಾಗಿ ತಯಾರಿಸುವಾಗ ಇವನ್ನು ಆದಷ್ಟು ಕಡಿಮೆಮಾಡಿ, ಉರಿಯುವ ಕೋಣೆಯನ್ನು ಸಾಧಾರಣ ಉಕ್ಕಿನಿಂದಲೇ ಮಾಡಿ ಮೇಲೆ ಅಲ್ಯೂಮಿನಿಯಮಿನ ಲೇಪವನ್ನು ಕೊಟ್ಟರು. ಯುಕ್ತಿಯು ಪ್ರಶಂಸನೀಯವೇ, ಆದರೆ ಆ ಯಂತ್ರದ ಆಯುಸ್ಸು ಇಪ್ಪತ್ತೈದು ಗಂಟೆಗಳಷ್ಟು, ಅನೇಕ ವೇಳೆ ಅಷ್ಟೂ ಇಲ್ಲ. ಕೆನಡಾದ ನಿಕ್ಕಲ್ ದೊರೆಯುತ್ತಿದ್ದ ಇಂಗ್ಲೆಂಡಿನ ಜೆಟ್ ಯಂತ್ರಗಳು ಅದರ ಹಲವು ಮಡಿ ಹೊತ್ತು ಬಾಳುತ್ತಿದ್ದುವು.

ಆದರೂ ಲೋಹದ ಕೊರತೆಯೊಂದೇ ಜರ್ಮನಿಯನ್ನು ಸೋಲಿಸಿತೆಂದರೆ ಸತ್ಯಕ್ಕೆ ದೂರವಾಗುವುದು. ಅವರ ಶಸ್ತ್ರೋತ್ಪಾದನೆಯು 1944ರ ನಡುವಿನವರೆಗೆ ಏರುತ್ತಲೇ ಇದ್ದಿತು. ಒಂದರ ಬದಲಿಗೆ ಮತ್ತೊಂದನ್ನು ಬಳಸಿ, ಉಕ್ಕಿನ ಪಾಕವನ್ನು ಬದಲಿಸಿ ಅವರು ದಿನ ನೂಕಿದರು. ಎಣ್ಣೆಯ ಅಭಾವ, ಜನರ ಅಭಾವ, ಬಾಂಬಿನ ಹೊಡೆತ ಇವುಗಳೇ ಕೊನೆಗೆ ಹೆಚ್ಚಿನ ಕೆಲಸ ಮಾಡಿದುವು. ಲೋಹದ ಕೊರತೆಯು ಒಮ್ಮೆಗೇ ಕೊಲ್ಲುವ ಖಡ್ಗವಲ್ಲ. ಒಂದೊಂದು ಆಯುಧದಿಂದಲೂ ಅಷ್ಟಷ್ಟು ಸತ್ವವನ್ನು ಹೀರಿಕೊಳ್ಳುವ ಕ್ಷಯ. ಇದರಿಂದ ತಿಳಿಯುವುದೇನೆಂದರೆ, ವಿದ್ಯೆಯುಳ್ಳವನು ಅದಿರಿಲ್ಲದೆಯೂ ಕೆಲಕಾಲ ನಿಲ್ಲಬಲ್ಲನು. ಅಮೆರಿಕದವರಿಗೂ ತಾಮ್ರವು ಸಾಲದೆ ಹೋದಾಗ, ಪರಮಾಣು ಬಾಂಬಿನ ಕೆಲಸಕ್ಕೆ ಬೇಕಾದ ಬೃಹತ್ ವಿದ್ಯುತ್ಕಾಂತಗಳ ತಂತಿಗಾಗಿ ತಮ್ಮ ಸರ್ಕಾರದ ಬೊಕ್ಕಸದಿಂದ ಹದಿಮೂರು ಸಾವಿರ ಟನ್ನಿಗೂ ಮೇಲ್ಪಟ್ಟು ಬೆಳ್ಳಿಯನ್ನು ಕಡವಾಗಿ ತಂದು, ಕೆಲಸವಾದ ಮೇಲೆ ಬಹುತೇಕ ಪೂರ್ತಿಯಾಗಿ ಹಿಂತಿರುಗಿಸಿದರು.

ಹಾಗಾದರೆ ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಸ್ಥಿತಿ ಏನಾಗಿತ್ತು? ನೆಲವು ಬಡವಾಗಿರಲಿಲ್ಲ. 1894ರಲ್ಲಿ ಸ್ಥಾಪಿತವಾದ ಭೂಗರ್ಭಶೋಧನ ಇಲಾಖೆಯು ಸಂಸ್ಥಾನದ ಖನಿಜಗಳನ್ನು ಊರೂರಾಗಿ ಗುರುತಿಸಿತ್ತು. ಶಿವಮೊಗ್ಗ ಮತ್ತು ಚಿತ್ರದುರ್ಗದ ಸೀಮೆಗಳಲ್ಲಿಯೂ ನೆರೆಯ ಸಂಡೂರಿನಲ್ಲಿಯೂ ಮ್ಯಾಂಗನೀಸ್, ಹಾಸನದ ನುಗ್ಗೇಹಳ್ಳಿ ಮತ್ತು ಬೈರಾಪುರದಲ್ಲಿಯೂ ಮೈಸೂರಿನ ಬಳಿಯ ಸಿಂಧುವಳ್ಳಿಯಲ್ಲಿಯೂ ಕ್ರೋಮಿಯಂ, ಚನ್ನಗಿರಿಯ ಕಡೆಯ ಮಾಸಣಿಕೆರೆಯ ಕಬ್ಬಿಣದ ಅದಿರಿನೊಳಗೆ ವೆನೇಡಿಯಂ, ಕೋಲಾರದ ಚಿನ್ನದ ಅದಿರಿನೊಡನೆ ಟಂಗ್‌ಸ್ಟನ್ನಿನ ಷೀಲೈಟ್ ಇರುವುವು. ಉಕ್ಕಿಗೆ ಬೇಕಾದ ಉಪ್ಪುಗಳಲ್ಲಿ ಹಲವು ಈ ನಾಡಿನ ಮಡಿಲಿನಲ್ಲಿಯೇ ಇದ್ದುವು. ಆದರೆ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಅದಿರುಗಳು ಬಹುಪಾಲು ಕಲ್ಲಾಗಿಯೇ ರೈಲನ್ನೇರಿ ಬಂದರುಗಳಿಗೆ ಹೋಗುತ್ತಿದ್ದುವು. ಮಿಶ್ರಲೋಹವಾಗಿಯೂ ಯಂತ್ರವಾಗಿಯೂ ಹಲವು ಮಡಿ ಬೆಲೆಗೆ ಹಿಂತಿರುಗುತ್ತಿದ್ದುವು.

ಈ ದಾರಿಯನ್ನು ತಿರುಗಿಸಲು ನಡೆದ ಪ್ರಯತ್ನಗಳು ಎರಡು. ಮೊದಲನೆಯದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಅದರ ಊದುಕುಲುಮೆಯು 1923ರ ಜನವರಿಯಲ್ಲಿ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಲು, ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತ, ಇವುಗಳಿಂದ ಅದು ನಷ್ಟದ ವರ್ಷಗಳನ್ನು ದಾಟಿ ನಿಂತು, 1930ರ ದಶಕದಲ್ಲಿ ಉಕ್ಕನ್ನೂ ಮಾಡತೊಡಗಿತು. ಆ ಕಬ್ಬಿಣವು ಬೀರೂರು ತುಮಕೂರುಗಳ ಮೇಲೆ ಬೆಂಗಳೂರಿಗೆ ಬರುವ ರೈಲುದಾರಿಯು ದಾಬಸ್‌ಪೇಟೆಯ ಸಮೀಪದ ನಿಡವಂದದ ನಿಲ್ದಾಣವನ್ನು ಹಾದೇ ಹೋಗುವುದು. ಎರಡನೆಯದು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ ಅದನ್ನು ಸ್ಥಾಪಿಸಿದರು. 1941ರಲ್ಲಿ ಹಾರ್ಲೊ ಎಂಬ ಶಿಕ್ಷಣ ವಿಮಾನವು ಅಲ್ಲಿ ಜೋಡಣೆಯಾಗಿ ಹಾರಿತು. ಕೈಗಳಿಗೆ ಕೊರತೆಯಿರಲಿಲ್ಲ, ಹಳ್ಳಿಗಳಿಂದ ಬಂದ ಯುವಕರು ಸೂಕ್ಷ್ಮಯಂತ್ರಗಳ ಕೆಲಸವನ್ನು ಬೇಗನೆ ಕಲಿತರು. ಕೊರತೆಯಿದ್ದುದು ಲೋಹಕ್ಕೆ. ವಿಮಾನದ ಮೈಯಾಗುವ ಅಲ್ಯೂಮಿನಿಯಂ ಮಿಶ್ರಲೋಹವೂ ಯಂತ್ರಗಳೂ ಬಿಡಿಭಾಗಗಳೂ ಸಮುದ್ರಗಳನ್ನು ದಾಟಿ ಅಮೆರಿಕದಿಂದ ಬರಬೇಕಾಗಿತ್ತು. ಭಾರತದಲ್ಲಿ ಮೊದಲ ಬಾರಿಗೆ ಅಲ್ಯೂಮಿನಿಯಂ ತಯಾರಾದುದು 1943ರಲ್ಲಿ, ತಿರುವಾಂಕೂರಿನ ಆಲುವಾಯಿಯಲ್ಲಿ. ಅದಕ್ಕೂ ಕಚ್ಚಾ ಪುಡಿಯು ಹೊರದೇಶದಿಂದಲೇ ಬಂದಿತು. ಬೆಳಗಾವಿಯ ಸೀಮೆಯಲ್ಲಿ ಬಾಕ್ಸೈಟ್ ಇದ್ದರೂ ಅಲ್ಲಿ ಕಾರ್ಖಾನೆಯು ಎದ್ದುದು ಮುಂದೆ ಕಾಲು ಶತಮಾನ ಕಳೆದ ಮೇಲೆ. ಜಪಾನು ಯುದ್ಧಕ್ಕೆ ಇಳಿದು ಸಮುದ್ರಮಾರ್ಗವು ಅಪಾಯವಾಗಲು, ಬೆಂಗಳೂರಿನ ಕಾರ್ಖಾನೆಯು ಹೊಸ ವಿಮಾನಗಳ ನಿರ್ಮಾಣವನ್ನು ಬದಿಗಿಟ್ಟು ಮಿತ್ರಸೈನ್ಯದ ವಿಮಾನಗಳ ದುರಸ್ತಿಗೆ ತಿರುಗಿತು. ಆ ಕೆಲಸವನ್ನು ಅದು ಕೀರ್ತಿ ಬರುವಂತೆಯೇ ಮಾಡಿತು. ಆದರೂ ಕಟ್ಟಬೇಕೆಂದು ಹೊರಟವರು ತೇಪೆ ಹಾಕುವುದರಲ್ಲಿ ತೃಪ್ತರಾಗಬೇಕಾಯಿತೆಂಬುದು ಮರೆಯತಕ್ಕ ಮಾತಲ್ಲ.

ಸ್ವಾತಂತ್ರ್ಯಾನಂತರ ಈ ಪಾಠವನ್ನು ಕೆಲಮಟ್ಟಿಗೆ ಕಲಿತದ್ದಾಯಿತು. ದಾಂಡೇಲಿಯಲ್ಲಿಯೂ ಹೊಸಪೇಟೆಯ ಬಳಿಯ ವ್ಯಾಸನಕೆರೆಯಲ್ಲಿಯೂ ಮ್ಯಾಂಗನೀಸ್ ಅದಿರನ್ನು ಫೆರೋಮ್ಯಾಂಗನೀಸ್ ಮಾಡುವ ಕುಲುಮೆಗಳು ಎದ್ದುವು. ಭದ್ರಾವತಿಯು ಮಿಶ್ರ ಉಕ್ಕುಗಳಿಗೆ ಹೆಸರಾಯಿತು. ರಕ್ಷಣಾಕಾರ್ಯದ ವಿಶೇಷ ಲೋಹಗಳಿಗಾಗಿಯೇ 1973ರಲ್ಲಿ ಹೈದರಾಬಾದಿನಲ್ಲಿ ಮಿಶ್ರಧಾತು ನಿಗಮವು ಸ್ಥಾಪಿತವಾಯಿತು. ಆದರೆ 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನಲ್ಲಿದ್ದ ಯಂತ್ರವು ಅಮೆರಿಕದ್ದು. ಬೆಂಗಳೂರಿನಲ್ಲಿಯೇ ಅದಕ್ಕೆಂದು ರೂಪಿಸುತ್ತಿದ್ದ ಕಾವೇರಿ ಯಂತ್ರವು ಬೇಕಾದ ಬಲವನ್ನು ಮುಟ್ಟಲಿಲ್ಲ. ಇದಕ್ಕೆ ಕಾರಣಗಳು ಹಲವು. ಉರಿಯ ನಡುವೆ ತಿರುಗುವ ಅಲಗುಗಳ ಲೋಹವಿದ್ಯೆಯು ಅವುಗಳಲ್ಲಿ ಮುಖ್ಯವಾದುದೊಂದು. ಅಂತಹ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವ ಕಲೆಯನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು. 2021ರಲ್ಲಿ ಹೈದರಾಬಾದಿನ ಸರ್ಕಾರಿ ಪ್ರಯೋಗಶಾಲೆಯು ಅಂತಹ 60 ಅಲಗುಗಳನ್ನು ಹೆಲಿಕಾಪ್ಟರಿನ ಯಂತ್ರಕ್ಕಾಗಿ ಹಿಂದೂಸ್ಥಾನ್ ಕಾರ್ಖಾನೆಗೆ ತಯಾರಿಸಿಕೊಟ್ಟಿತು. ಸಂಖ್ಯೆಯು ಸಣ್ಣದು, ದಾರಿಯು ಸರಿಯಾದುದು.

ಈಚಿನ ವರ್ಷಗಳಲ್ಲಿ ಹೊಸ ಹೆಸರಿನ ಲೋಹಗಳು ಮುಂದೆ ಬಂದಿವೆ. ಕ್ಷಿಪಣಿ, ವಿಮಾನ, ವಿದ್ಯುತ್ ವಾಹನಗಳಲ್ಲಿನ ಬಲವಾದ ಅಯಸ್ಕಾಂತಗಳಿಗೆ ನಿಯೋಡಿಮಿಯಂ, ಸಮೇರಿಯಂ, ಡಿಸ್ಪ್ರೋಸಿಯಂ ಮೊದಲಾದ ವಿರಳ ಮೃತ್ತಿಕಾ ಧಾತುಗಳು ಬೇಕು. ಚೀನಾದೇಶವು 2023ರಲ್ಲಿ ಗ್ಯಾಲಿಯಂ ಮತ್ತು ಜರ್ಮೇನಿಯಮುಗಳ ಮೇಲೆ, 2025ರ ಏಪ್ರಿಲ್ಲಿನಲ್ಲಿ ಏಳು ವಿರಳ ಮೃತ್ತಿಕಾ ಧಾತುಗಳ ಮೇಲೆ ರಫ್ತಿನ ನಿಯಂತ್ರಣವನ್ನು ಹೇರಲು, ಗುಂಡು ಹಾರದೆಯೇ ಅನೇಕ ದೇಶಗಳ ಕಾರ್ಖಾನೆಗಳು ಚಿಂತೆಗೊಳಗಾದುವು. ಇಲ್ಲಿಯೂ ಹಳೆಯ ನ್ಯಾಯವೇ. ಆ ಧಾತುಗಳುಳ್ಳ ಮೋನಜೈಟ್ ಮರಳು ಭಾರತದ ಕಡಲತೀರದಲ್ಲಿ ಹೇರಳವಾಗಿದೆ. ಚೀನಾದ ಬಲವು ಅದಿರಿನಲ್ಲಷ್ಟೇ ಇಲ್ಲ. ದಶಕಗಳ ಕಾಲ ಬೇಸರಪಡದೆ ಬೆಳೆಸಿಕೊಂಡ ಶೋಧನೆಯ ಮತ್ತು ಅಯಸ್ಕಾಂತ ತಯಾರಿಕೆಯ ವಿದ್ಯೆಯಲ್ಲಿದೆ. ಭಾರತ ಸರ್ಕಾರವು 2023ರಲ್ಲಿ 30 ಖನಿಜಗಳನ್ನು ಅತ್ಯಾವಶ್ಯಕವೆಂದು ಗುರುತಿಸಿ, 2025ರ ಜನವರಿಯಲ್ಲಿ ಅವುಗಳಿಗಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಅಂಗೀಕರಿಸಿತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದಲ್ಲಿ 1600 ಟನ್ ಲಿಥಿಯಂ ಇರಬಹುದೆಂದು ಶೋಧಕರು 2021ರಲ್ಲಿ ಅಂದಾಜು ಮಾಡಿದಾಗ ನಾಡಿನಲ್ಲಿ ಹರ್ಷವುಂಟಾಯಿತು. ಹರ್ಷವು ಸಹಜವೇ, ಆದರೆ ಬಂಡೆಯೊಳಗಣ ಲಿಥಿಯಂ ಬಂಡೆಯೇ ಹೊರತು ಲೋಹವಲ್ಲ.

ಮಠದ ಆವರಣದಲ್ಲಿ ಆಯುಧಗಳ ಮಾತೇಕೆಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಉತ್ತರವನ್ನು ಚನ್ನರಾಯನದುರ್ಗದ ಮೂಸೆಯೇ ಕೊಡುವುದು. ಒಂದೇ ಮೂಸೆಯ ಉಕ್ಕು ಕತ್ತಿಯೂ ಆಯಿತು, ದೇಗುಲದ ಕಂಬವನ್ನು ಕಡೆದ ಉಳಿಯೂ ಆಯಿತು, ವಾದ್ಯದ ತಂತಿಯೂ ಆಯಿತು. ಜ್ವಾಲೆಯನ್ನು ತಾಳುವ ಲೋಹವು ಯುದ್ಧವಿಮಾನವನ್ನು ಹಾರಿಸುವಂತೆಯೇ ವಿದ್ಯುತ್ತನ್ನೂ ಉತ್ಪಾದಿಸುವುದು. ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕು ಶಸ್ತ್ರವೈದ್ಯನ ಕೈಯಲ್ಲಿ ಪ್ರಾಣವನ್ನುಳಿಸುವುದು, ದಾಸೋಹದ ಪಾತ್ರೆಯೂ ಆಗುವುದು. ಲೋಹಕ್ಕೆ ಪಾಪವೂ ಇಲ್ಲ ಪುಣ್ಯವೂ ಇಲ್ಲ. ಅದನ್ನು ಅರಿತು ದುಡಿಯುವ ಕೈ ಯಾವುದೆಂಬುದೇ ಪ್ರಶ್ನೆ. ಆ ವಿದ್ಯೆಯನ್ನು ಪರರಿಗೆ ಬಿಟ್ಟುಕೊಟ್ಟವರಿಗೆ ಕತ್ತಿಯಾಗಬೇಕೋ ತಂತಿಯಾಗಬೇಕೋ ಎಂದು ನಿರ್ಣಯಿಸುವ ಅಧಿಕಾರವೂ ಉಳಿಯದು.

ಕಾಯಕವನ್ನು ಪೂಜೆಯಂತೆ ಗೌರವಿಸಿದ ಪರಂಪರೆಯಲ್ಲಿ ಕಮ್ಮಾರನ ಕುಲುಮೆಗೂ ಪಂಡಿತನ ಪೀಠಕ್ಕೂ ಮೇಲುಕೀಳಿಲ್ಲ. ಚನ್ನರಾಯನದುರ್ಗದ ವಿದ್ಯೆಯು ಅಳಿದುದಕ್ಕೆ ಅಗ್ಗದ ಆಮದು ಒಂದು ಕಾರಣವಾದರೆ, ಕೈಯ ಜ್ಞಾನವನ್ನು ಓಲೆಗೂ ಶಾಲೆಗೂ ತರದೆಹೋದುದು ಮತ್ತೊಂದು ಕಾರಣ. ಇದನ್ನು ಪಾಠಶಾಲೆಗಳು ಒಪ್ಪಿಕೊಳ್ಳಬೇಕಾಗಿದೆ. ಇಂದು ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಸುತ್ತಣ ಹಳ್ಳಿಗಳ ಮಕ್ಕಳು ಯಂತ್ರದ ಗುಂಡಿಯನ್ನು ಒತ್ತುವುದರಲ್ಲಿಯೇ ನಿಲ್ಲದೆ, ತಾವು ಕೊರೆಯುವ ಉಕ್ಕಿನಲ್ಲಿ ಏನು ಬೆರೆತಿದೆ, ಏಕೆ ಬೆರೆತಿದೆ ಎಂದು ಕೇಳುವಂತಾಗಬೇಕು. ಕೇಳಿದವರಿಗೆ ಹೇಳುವ ಗುರುಗಳೂ ಇರಬೇಕು. ಸವೆದ ಉಳಿಯ ಚೂರನ್ನೂ ಕೆಟ್ಟ ಯಂತ್ರದ ಅಯಸ್ಕಾಂತವನ್ನೂ ಗುಜರಿಯೆಂದು ಬಿಸುಡದೆ ಮರಳಿ ಲೋಹವಾಗಿಸುವುದೂ ಆ ವಿದ್ಯೆಯ ಭಾಗವೇ.

ಮನೆಯಲ್ಲಿ ತೂತುಕಾಸು ಇದ್ದವರು ಅದನ್ನು ಎಸೆಯದೆ ಮಕ್ಕಳಿಗೆ ತೋರಿಸಲಿ. ಅದರ ನಡುವಣ ಬರಿದಾದ ಜಾಗವು ಏಕೆ ಬರಿದಾಯಿತೆಂಬುದನ್ನು ತಿಳಿಸಿ ಹೇಳಲಿ. ಸರ್ವರಿಗೂ ಮಂಗಳವಾಗಲಿ.